ಬಣ್ಣ ಹೋಗಬೇಕು, ಮೈ ಉಳಿಯಬೇಕು: ಫೈಬರ್‌ಗ್ಲಾಸ್ ಕಾರಿನ ಕೆಮಿಸ್ಟ್ರಿ

ಫೈಬರ್‌ಗ್ಲಾಸ್‌ಗೆ ತುಕ್ಕು ಹಿಡಿಯುವುದಿಲ್ಲ. ಇದು ನಿಜ. ಆದರೆ ಈ ನಿಜದ ಬೆನ್ನಿಗೇ ಒಂದು ತಪ್ಪು ನಂಬಿಕೆ ಅಂಟಿಕೊಂಡಿದೆ. ತುಕ್ಕೇ ಹಿಡಿಯದ ಮೈಗೆ ಏನು ಬಳಿದರೂ ಏನೂ ಆಗಲ್ಲ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಾಗಿ ಉಕ್ಕಿನ ಕಾರಿಗೆ ಬಳಸುವ ಪೇಂಟ್ ರಿಮೂವರನ್ನೇ ಇದಕ್ಕೂ ಬಳಿಯುತ್ತಾರೆ. ಬಿಸಿ ಗಾಳಿ ಊದುವ ಹೀಟ್ ಗನ್ ಹಿಡಿಯುತ್ತಾರೆ. ರಭಸದ ಗಾಳಿಯಲ್ಲಿ ಮರಳು ಹೊಡೆಸುತ್ತಾರೆ. ಹೊಸ ಬಣ್ಣ ಹೊಡೆದು ಕೆಲವು ತಿಂಗಳಾದ ಮೇಲೆ ಗುಳ್ಳೆ ಏಳುತ್ತವೆ, ಪದರ ಕಿತ್ತು ಬರುತ್ತದೆ. ಆಗ ಎಲ್ಲರೂ ದೂರುವುದು ಹೊಸ ಬಣ್ಣವನ್ನು. ತಪ್ಪು ನಡೆದದ್ದು ಹಳೆ ಬಣ್ಣ ತೆಗೆಯುವಾಗ.

ಉಕ್ಕಿಗೂ ಬಣ್ಣಕ್ಕೂ ಯಾವ ಸಂಬಂಧವೂ ಇಲ್ಲ. ಒಂದು ಲೋಹ, ಇನ್ನೊಂದು ಪಾಲಿಮರ್, ಅಂದರೆ ಸಣ್ಣ ಅಣುಗಳು ಸರಪಳಿಯಂತೆ ಸೇರಿ ಆದ ವಸ್ತು. ಬಣ್ಣವನ್ನು ಹಾಳುಮಾಡುವ ರಾಸಾಯನಿಕ ಉಕ್ಕನ್ನು ಸುಮ್ನೆ ಬಿಟ್ಟುಬಿಡುತ್ತದೆ. ಫೈಬರ್‌ಗ್ಲಾಸ್ ವಿಷಯ ಹಾಗಲ್ಲ. ಅದರಲ್ಲಿ ಗಾಜಿನ ಎಳೆಗಳಿವೆ ನಿಜ, ಆದರೆ ಆ ಎಳೆಗಳನ್ನು ಹಿಡಿದಿಟ್ಟಿರುವುದು ಸಾಮಾನ್ಯವಾಗಿ ಪಾಲಿಯೆಸ್ಟರ್ ರೆಸಿನ್ ಎಂಬ, ಗಟ್ಟಿಯಾಗುವ ಅಂಟು. ಅದರ ಉದ್ದುದ್ದ ಸರಪಳಿಗಳನ್ನು ಸ್ಟೈರೀನ್ ಎಂಬ ಸಣ್ಣ ಅಣು ಅಲ್ಲಲ್ಲಿ ಬೆಸೆದು ಬಲೆಯನ್ನಾಗಿ ಮಾಡುತ್ತದೆ. ಕಾರಿನ ಬಣ್ಣವೂ ಒಣಗಿದ ಮೇಲೆ ಬಹುಪಾಲು ಇಂಥದ್ದೇ ಬಲೆ. ಹಳೆ ಕಾಲದ ಆಲ್ಕಿಡ್ ಎನಾಮೆಲ್ ಅಂತೂ ಎಣ್ಣೆ ಸೇರಿಸಿದ ಪಾಲಿಯೆಸ್ಟರ್! ಅಂದರೆ ಮೇಲಿನ ಪದರ, ಕೆಳಗಿನ ಮೈ, ಎರಡೂ ಒಂದೇ ಕುಲದವು. ಒಂದನ್ನು ಕೊಂದು ಇನ್ನೊಂದನ್ನು ಉಳಿಸುವುದು ಹೇಗೆ? ಈ ಕೆಲಸದ ಕಷ್ಟವೆಲ್ಲ ಈ ಪ್ರಶ್ನೆಯಲ್ಲೇ ಇದೆ.

ಪೇಂಟ್ ರಿಮೂವರ್ ಬಣ್ಣವನ್ನು ಕರಗಿಸುತ್ತದೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಬಲೆಯಾಗಿ ಗಟ್ಟಿಯಾದ ಬಣ್ಣ ಯಾವ ದ್ರಾವಕದಲ್ಲೂ ಕರಗುವುದಿಲ್ಲ. ಅಲ್ಲಿ ನಡೆಯುವುದು ಇನ್ನೂ ಸೊಗಸಾದ ಸಂಗತಿ. ದಶಕಗಳ ಕಾಲ ಈ ಕೆಲಸದ ರಾಜನಾಗಿದ್ದ ಮೆಥಿಲೀನ್ ಕ್ಲೋರೈಡನ್ನೇ ನೋಡಿ. ಅದರ ಅಣು ತೀರಾ ಚಿಕ್ಕದು: ಒಂದು ಕಾರ್ಬನ್, ಎರಡು ಹೈಡ್ರೋಜನ್, ಎರಡು ಕ್ಲೋರಿನ್. ಚಿಕ್ಕದಾದ್ದರಿಂದ ಬಲೆಯ ಕಣ್ಣುಗಳಲ್ಲಿ ಸರಾಗವಾಗಿ ನುಸುಳುತ್ತದೆ. ಒಳಗೆ ಹೋದ ಅಣುಗಳು ಸರಪಳಿಗಳನ್ನು ಪಕ್ಕಕ್ಕೆ ತಳ್ಳುತ್ತವೆ. ಬಲೆ ಹರಿಯುವುದಿಲ್ಲ, ಹಿಗ್ಗುತ್ತದೆ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದಲ್ಲ, ಹಾಗೆ. ನೀರು ಮರವನ್ನು ಕರಗಿಸಲಿಲ್ಲ, ಒಳಗೆ ಜಾಗ ಮಾಡಿಕೊಂಡಿತು ಅಷ್ಟೇ. ಬಣ್ಣದ ಪದರವೂ ಅಗಲವಾಗಲು ನೋಡುತ್ತದೆ. ಆದರೆ ಅದರ ತಳ ಕಾರಿನ ಮೈಗೆ ಅಂಟಿಕೊಂಡಿದೆ. ಪಕ್ಕಕ್ಕೆ ಹೋಗಲು ದಾರಿಯಿಲ್ಲ. ಉಳಿದಿರುವ ದಾರಿ ಒಂದೇ, ಮೇಲಕ್ಕೆ. ಆ ಒತ್ತಡ ಅಂಟಿನ ಬಲವನ್ನು ಮೀರಿದ ಕ್ಷಣ ಬಣ್ಣ ಸುಕ್ಕುಗಟ್ಟಿ ಎದ್ದು ನಿಲ್ಲುತ್ತದೆ. ಬಣ್ಣ ತನ್ನ ಬಲದಿಂದಲೇ ತನ್ನನ್ನು ಕಿತ್ತುಕೊಳ್ಳುತ್ತದೆ! ನನಗಂತೂ ಇದು ಎಷ್ಟು ಸಲ ನೋಡಿದರೂ ಬೇಜಾರಾಗದ ದೃಶ್ಯ.

ಉಕ್ಕಿನ ಮೇಲಾದರೆ ಕಥೆ ಅಲ್ಲಿಗೆ ಮುಗಿಯಿತು. ಫೈಬರ್‌ಗ್ಲಾಸ್ ಮೇಲೆ ಆ ಅಣುಗಳು ನಿಲ್ಲುವುದಿಲ್ಲ. ಕೆಳಗೆ ಇನ್ನೊಂದು ಬಲೆ ಸಿಗುತ್ತದೆ, ಅದರೊಳಗೂ ನುಗ್ಗುತ್ತವೆ. ರೆಸಿನ್ ಮೆತ್ತಗಾಗುತ್ತದೆ, ಗಾಜಿನ ಎಳೆಯ ಮೇಲಿನ ಹಿಡಿತ ಸಡಿಲವಾಗುತ್ತದೆ. ಸಣ್ಣ ರಂಧ್ರಗಳಲ್ಲಿ ಒಂದಷ್ಟು ದ್ರಾವಕ ಉಳಿದುಬಿಡುತ್ತದೆ. ದ್ರಾವಕ ಬೇಗ ಆರದಿರಲಿ ಅಂತ ಇಂಥ ರಿಮೂವರ್‌ಗಳಲ್ಲಿ ಮೇಣವನ್ನೂ ಸೇರಿಸಿರುತ್ತಾರೆ. ಆ ಮೇಣವೂ ರಂಧ್ರ ಸೇರುತ್ತದೆ. ಮೇಲೆ ಹೊಸ ಬಣ್ಣ ಬಿದ್ದು, ಕಾರು ಬಿಸಿಲಿನಲ್ಲಿ ಕಾದಾಗ ಒಳಗಿನ ದ್ರಾವಕ ಆವಿಯಾಗಿ ಹೊರಗೆ ಬರಲು ಒತ್ತುತ್ತದೆ. ಮೆಥಿಲೀನ್ ಕ್ಲೋರೈಡ್ ಕುದಿಯುವುದು ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಿಸಿಲಿಗೆ ನಿಂತ ಕಾರಿನ ಮೈ ಅದನ್ನು ಸುಲಭವಾಗಿ ದಾಟುತ್ತದೆ. ಗುಳ್ಳೆಗಳ ಗುಟ್ಟು ಇದು.

ಮೆಥಿಲೀನ್ ಕ್ಲೋರೈಡ್ ಮನುಷ್ಯನಿಗೂ ಅಪಾಯಕಾರಿ. ಅದರ ಆವಿ ಗಾಳಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಭಾರ, ಮುಚ್ಚಿದ ಶೆಡ್ಡಿನಲ್ಲಿ ತಳಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ದೇಹದೊಳಗೆ ಹೋದರೆ ಅದರಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಹಲವರು ಸತ್ತಿದ್ದಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2019ರಲ್ಲಿ, ಮನೆಬಳಕೆಯ ಪೇಂಟ್ ರಿಮೂವರ್‌ಗಳಲ್ಲಿ ಇದನ್ನು ಮಾರುವುದನ್ನೇ ನಿಷೇಧಿಸಿತು.

ಪ್ರಬಲ ಕ್ಷಾರವಾದ ಕಾಸ್ಟಿಕ್ ಸೋಡಾದಿಂದ ಬಣ್ಣ ತೆಗೆಯುವ ದಾರಿಯೂ ಇಲ್ಲಿ ನಡೆಯದು. ಪಾಲಿಯೆಸ್ಟರ್ ಸರಪಳಿಯ ಕೊಂಡಿಗಳು ಎಸ್ಟರ್ ಬಂಧಗಳು, ಕ್ಷಾರ ಮುರಿಯುವುದು ಅವನ್ನೇ. ಹೀಟ್ ಗನ್ ಇನ್ನೂ ಕೆಟ್ಟದ್ದು. ಉಕ್ಕಿನ ತಗಡು ಶಾಖವನ್ನು ಬೇಗ ಸುತ್ತಲೂ ಹಂಚಿಬಿಡುತ್ತದೆ. ಫೈಬರ್‌ಗ್ಲಾಸ್ ಅದಕ್ಕಿಂತ ನೂರು ಪಟ್ಟಿಗೂ ಕಡಿಮೆ ಶಾಖವಾಹಕ. ಹೀಟ್ ಗನ್ನಿನ ಗಾಳಿ 300 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ, ಆ ಬಿಸಿಯೆಲ್ಲ ಬಿದ್ದ ಜಾಗದಲ್ಲೇ ನಿಲ್ಲುತ್ತದೆ. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಮೆತ್ತಗಾಗಲು 100 ಡಿಗ್ರಿಯೂ ಬೇಡ. ಮರಳು ಹೊಡೆಸಿದರೆ ಬಣ್ಣದ ಜೊತೆಗೇ ರೆಸಿನ್ ಸವೆದು ಗಾಜಿನ ಎಳೆಗಳು ಹೊರಗೆ ಕಾಣುತ್ತವೆ. ಮೆತ್ತನೆಯ ಪ್ಲಾಸ್ಟಿಕ್ ಹರಳು ಹೊಡೆದು ಬಣ್ಣ ತೆಗೆಯುವ ವಿಧಾನವೊಂದಿದೆ. 1980ರ ದಶಕದಲ್ಲಿ ಅಮೆರಿಕದ ವಾಯುಪಡೆ ವಿಮಾನಗಳಿಗೆ ಬಳಸಲು ಶುರುಮಾಡಿದ್ದು ಅದು. ನುರಿತ ಕೈಯಲ್ಲಿ, ಕಡಿಮೆ ಒತ್ತಡದಲ್ಲಿ, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಇಲ್ಲಿ ಸ್ವಲ್ಪ ಇತಿಹಾಸ ಹೇಳಲೇಬೇಕು. 1932ರಲ್ಲಿ ಓವೆನ್ಸ್-ಇಲಿನಾಯ್ ಗಾಜಿನ ಕಂಪನಿಯ ಡೇಲ್ ಕ್ಲೈಸ್ಟ್ ಎಂಬ ಯುವಕ ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಹೊರಟಿದ್ದ. ರಭಸದ ಗಾಳಿ ಕರಗಿದ ಗಾಜಿಗೆ ಬಡಿದು ಸಣ್ಣ ಸಣ್ಣ ಎಳೆಗಳು ಹಾರಿದವು. ಬಯಸದೇ ಬಂದ ಆ ಎಳೆಗಳೇ ಒಂದು ಉದ್ಯಮಕ್ಕೆ ದಾರಿಯಾದವು. 1953ರಲ್ಲಿ ಷೆವರ್ಲೆ ಕಾರ್ವೆಟ್ ಫೈಬರ್‌ಗ್ಲಾಸ್ ಮೈ ಹೊತ್ತು ಬಂತು. ಆ ವರ್ಷ ಮಿಷಿಗನ್‌ನ ಫ್ಲಿಂಟ್‌ನಲ್ಲಿ ತಯಾರಾದದ್ದು 300 ಕಾರುಗಳು, ಎಲ್ಲವೂ ಬಿಳಿ. ಕಾರ್ವೆಟ್ ಹೆಸರನ್ನು ಸುಮ್ನೆ ತರಲಿಲ್ಲ. ಕೈಯಲ್ಲಿ ಅಚ್ಚಿಗೆ ಹಾಸಿ ಮಾಡಿದ ಬಹಳಷ್ಟು ಫೈಬರ್‌ಗ್ಲಾಸ್ ಕಾರುಗಳಿಗೆ ಬಣ್ಣದ ಕೆಳಗೆ ಜೆಲ್‌ಕೋಟ್ ಎಂಬ ದಪ್ಪ ರೆಸಿನ್ ಪದರ ಇರುತ್ತದೆ, ಸುಮಾರು ಅರ್ಧ ಮಿಲಿಮೀಟರ್. ಪ್ರೆಸ್ಸಿನಲ್ಲಿ ಒತ್ತಿ ಮಾಡಿದ ಕಾರ್ವೆಟ್ ಭಾಗಗಳಿಗೆ ಅದು ಇಲ್ಲ. ಬಣ್ಣದ ಅಡಿಗೆ ಬಳಿಯುವ ಪ್ರೈಮರ್ ದಾಟಿದರೆ ನೇರ ಮೈಗೇ ಬರುತ್ತೀರಿ. ನಿಮ್ಮ ಕಾರು ಯಾವ ಬಗೆಯದು ಅಂತ ತಿಳಿಯದೆ ಕೈ ಹಾಕಬೇಡಿ.

ಹಾಗಾದರೆ ದಾರಿ ಯಾವುದು? ಎಲ್ಲ ಬಣ್ಣ ಒಂದೇ ಅಲ್ಲ, ಮೊದಲು ಅದನ್ನು ನೋಡಿಕೊಳ್ಳಿ. ಮೂಲೆಯಲ್ಲಿ ಬಟ್ಟೆಗೆ ಥಿನ್ನರ್ ಹಾಕಿ ಒರೆಸಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಅದು ಲ್ಯಾಕರ್ ಇರಬಹುದು. ಲ್ಯಾಕರಿನ ಸರಪಳಿಗಳು ಬಲೆಯಾಗಿರುವುದಿಲ್ಲ, ಹಾಗಾಗಿ ಅದು ನಿಜವಾಗಿ ಕರಗುತ್ತದೆ. ಆದರೆ ಥಿನ್ನರನ್ನೂ ಮೈಮೇಲೆ ನೆನೆಯಲು ಬಿಡಬಾರದು. ಬೇರೆ ಬಣ್ಣಗಳಿಗೆ ನನ್ನ ಮತ ಎಮರಿ ಪೇಪರಿಗೆ ಮತ್ತು ಹರಿತವಾದ ಬ್ಲೇಡಿಗೆ. ಬ್ಲೇಡನ್ನು ಮಲಗಿಸಿ ತಳ್ಳಿದರೆ ಹಳೆ ಬಣ್ಣ ಎಷ್ಟೋ ಕಡೆ ಚಕ್ಕೆಯಾಗಿ ಏಳುತ್ತದೆ. ಬಣ್ಣ ಯಾವುದು, ಮೈ ಯಾವುದು ಅಂತ ಬ್ಲೇಡು ಕೆಮಿಕಲ್ಲಿಗಿಂತ ಚೆನ್ನಾಗಿ ಗುರುತಿಸುತ್ತದೆ, ಯಾಕೆಂದರೆ ಅದನ್ನು ಹಿಡಿದವರ ಕಣ್ಣು ಅಲ್ಲಿರುತ್ತದೆ. ಫೈಬರ್‌ಗ್ಲಾಸ್‌ಗೆಂದೇ ಬರುವ ನಿಧಾನದ ರಿಮೂವರ್‌ಗಳೂ ಇವೆ, ಅವುಗಳಲ್ಲಿ ಹೆಚ್ಚಿನವು ಬೆಂಜೈಲ್ ಆಲ್ಕೊಹಾಲ್ ಎಂಬ ದ್ರಾವಕ ಇರುವಂಥವು. ಅವೂ ಬಣ್ಣವನ್ನು ಹಿಗ್ಗಿಸಿಯೇ ಎಬ್ಬಿಸುತ್ತವೆ, ಆದರೆ ನಿಧಾನವಾಗಿ. ಜೆಲ್‌ಕೋಟ್ ಬಿರುಕು ಬಿಟ್ಟಿದ್ದರೆ ಅವೂ ಬೇಡ.

ಉಜ್ಜುವ ಮೊದಲು ಮೈಯನ್ನು ತೊಳೆದು ಮೇಣ, ಸಿಲಿಕೋನ್ ಪಾಲಿಶ್ ಎಲ್ಲ ತೆಗೆಯಿರಿ. ಇಲ್ಲದಿದ್ದರೆ ಉಜ್ಜಿದ ಗೀರುಗಳೊಳಗೆ ಅವನ್ನೇ ತುಂಬಿದಂತೆ. ಹೊಸ ಬಣ್ಣದಲ್ಲಿ ಮೀನಿನ ಕಣ್ಣಿನಂಥ ಗುಳಿಗಳಾಗುವುದು ಇದರಿಂದಲೇ. ಬಣ್ಣದ ಪದರಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಪ್ರೈಮರ್ ಕಂಡ ಕೂಡಲೇ ಕೈ ಹಗುರ ಮಾಡಿ. ಗಟ್ಟಿಯಾಗಿ ಅಂಟಿರುವ ಹಳೆ ಪ್ರೈಮರನ್ನು ಉಳಿಸಿಕೊಂಡರೆ ನಷ್ಟವೇನೂ ಇಲ್ಲ. ಪೂರ್ತಿ ಬೆತ್ತಲೆ ಮಾಡಿದರೇ ಒಳ್ಳೆಯ ಕೆಲಸ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಂಚು, ಮಡಿಕೆಗಳ ಹತ್ತಿರ ಬಣ್ಣ ತೆಳು, ಅಲ್ಲಿ ಮೆಷಿನ್ ಬೇಡ, ಕೈಯಲ್ಲೇ ಉಜ್ಜಿ.

ಧೂಳಿನ ಬಗ್ಗೆ ಎರಡು ಮಾತು. ಗಾಜಿನ ಎಳೆ ಕಲ್ನಾರಿನ (ಆಸ್ಬೆಸ್ಟಾಸ್) ಹಾಗೇ ಕ್ಯಾನ್ಸರ್ ತರುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಆದರೆ ಕಲ್ನಾರು ಉದ್ದಕ್ಕೆ ಸೀಳಿ ಇನ್ನೂ ತೆಳುವಾಗುತ್ತದೆ, ಗಾಜಿನ ಎಳೆ ಅಡ್ಡಕ್ಕೆ ಮುರಿಯುತ್ತದೆ. ಕಾರಿನ ಮೈಯಲ್ಲಿರುವಂಥ ಎಳೆಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿಲ್ಲ. ಮೈ ತುರಿಸುವುದು ಮಾತ್ರ ಖಂಡಿತ. ನಿಜವಾಗಿ ಹೆದರಬೇಕಾದ್ದು ಹಳೆ ಹಳದಿ, ಕೆಂಪು ಬಣ್ಣಗಳಲ್ಲಿ ಇರಬಹುದಾದ ಸೀಸಕ್ಕೆ. ಒಳ್ಳೆಯ ಮಾಸ್ಕ್ ಹಾಕಿಕೊಳ್ಳದೆ ಉಜ್ಜಬೇಡಿ. ಬಣ್ಣವನ್ನು ನೀರು ಹಾಕಿ ಉಜ್ಜಿದರೆ ಧೂಳು ಏಳುವುದಿಲ್ಲ. ಆದರೆ ಗಾಜಿನ ಎಳೆ ಕಾಣತೊಡಗಿದರೆ ನೀರು ನಿಲ್ಲಿಸಿ, ಆ ಎಳೆಗುಂಟ ನೀರು ಒಳಗೆ ಹೋಗುತ್ತದೆ. ಹಾಗೆ ತೆರೆದುಕೊಂಡ ಜಾಗವನ್ನು ಪೂರ್ತಿ ಒಣಗಿಸಿ, ಸೂಜಿ ರಂಧ್ರಗಳನ್ನು ತುಂಬಿ, ಆಮೇಲೆ ಎಪಾಕ್ಸಿ ಪ್ರೈಮರ್ ಹೊಡೆಯಿರಿ.