‘ತೀವ್ರ ಕಳವಳ’ ಮತ್ತು ತೊಗರಿ

ವಿಜಯಪುರದ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಪಕ್ಕದ ದೇಶದಲ್ಲಿ ಗುಂಡಿನ ಸದ್ದು ಕೇಳಿದ ಮರುದಿನ ಕ್ಲಾಸಿನಲ್ಲಿ ಒಂದೇ ಪ್ರಶ್ನೆ: ‘ಸರ್, ನಮ್ಮವರು ಯಾಕ ಸುಮ್ನ ಕುಂತಾರ್ರಿ?’ ಸುಮ್ಮನೆ ಕೂತಿರುವುದಿಲ್ಲ. ದಿಲ್ಲಿಯ ನಾಯಕರ ಮಾತು ಓದೋದಕ್ಕೆ ಸ್ವಲ್ಪ ಅಭ್ಯಾಸ ಬೇಕು, ಅಷ್ಟೇ.

1971 ತಗೊಳ್ಳಿ. ಬಾಂಗ್ಲಾದೇಶ ಆಗಿನ್ನೂ ಪಾಕಿಸ್ತಾನದ ಭಾಗ. ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಜನರ ಮೇಲೆ ಮುಗಿಬಿತ್ತು. ಮಾರ್ಚ್ 31ಕ್ಕೆ ಇಂದಿರಾ ಗಾಂಧಿ ಸಂಸತ್ತಿನಲ್ಲಿ ನಿರ್ಣಯ ಮಂಡಿಸಿದರು. ಅದರಲ್ಲಿ ಎರಡು ಕಡೆ ನಾನು ಬೋರ್ಡಿನ ಮೇಲೆ ಗೆರೆ ಎಳೆಯುತ್ತೇನೆ. ಒಂದು, ಜಾಗದ ಹೆಸರು. ‘ಪೂರ್ವ ಪಾಕಿಸ್ತಾನ’ ಅಂದಿಲ್ಲ, ‘ಬಾಂಗ್ಲಾದೇಶ’ವೂ ಅಲ್ಲ. ‘ಪೂರ್ವ ಬಂಗಾಳ’ ಅಂದರು. ಪಾಕಿಸ್ತಾನದ ಹಿಡಿತ ಒಪ್ಪಿದಂತೆಯೂ ಆಗಲಿಲ್ಲ, ಹೊಸ ದೇಶ ಒಪ್ಪಿದಂತೆಯೂ ಆಗಲಿಲ್ಲ. ಇನ್ನೊಂದು, ಬೆಂಬಲ ಯಾರದು? ‘ಭಾರತದ ಜನರದ್ದು’. ಸರ್ಕಾರದ್ದು ಅಂತ ಬರೆದಿಲ್ಲ. ನಾಳೆ ಯಾರಾದರೂ ಹಿಡಿದು ಕೇಳಿದರೆ ಜಾರಿಕೊಳ್ಳಲು ಅಷ್ಟು ಸಂದು ಸಾಕು. ಕೂಡಲೇ ಮಾನ್ಯತೆ ಕೊಡಿ ಅಂತ ವಿರೋಧ ಪಕ್ಷದವರು ಒತ್ತಾಯ ಮಾಡುತ್ತಲೇ ಇದ್ದರು. ಆಕೆ ಕಾದರು. ಆಗಸ್ಟ್ 9ಕ್ಕೆ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದ ಆಯಿತು. ಮಾನ್ಯತೆ ಕೊಟ್ಟದ್ದು ಡಿಸೆಂಬರ್ 6ಕ್ಕೆ, ಯುದ್ಧ ಶುರುವಾಗಿ ಮೂರು ದಿನದ ಮೇಲೆ.

ಅಷ್ಟರಲ್ಲಿ ಸುಮಾರು 1 ಕೋಟಿ ನಿರಾಶ್ರಿತರು ಗಡಿ ದಾಟಿದ್ದರು. ಖರ್ಚು ಯಾರು ಕೊಡಬೇಕು? ಅಪ್ಪನ ಹಳೇ ಪತ್ರಗಳ ಗಂಟಿನಲ್ಲಿ ಉತ್ತರ ಸಿಕ್ಕಿತು. ಲಕೋಟೆ ಮೇಲೆ 5 ಪೈಸೆಯ ಹೆಚ್ಚುವರಿ ಅಂಚೆಚೀಟಿ. ಚಿತ್ರ ಕುಟುಂಬ ಯೋಜನೆಯದು, ಮೇಲೆ ‘ನಿರಾಶ್ರಿತರ ನೆರವು’ ಎಂಬ ಅಚ್ಚು. ಹೊಸ ಚೀಟಿ ಅಚ್ಚು ಹಾಕುವಷ್ಟೂ ಪುರಸೊತ್ತಿರಲಿಲ್ಲ ನೋಡಿ! 1971ರ ನವೆಂಬರ್ 15ರಿಂದ ಇದು ಕಡ್ಡಾಯ. ಯುದ್ಧ ಇನ್ನೂ ಶುರುವಾಗಿರಲಿಲ್ಲ. ಗಡಿಯಿಂದ ಎಷ್ಟೋ ದೂರದ ಬಿಜಾಪುರದವರೂ ಪತ್ರ ಹಾಕಲು ಹೋದಾಗ ಅದರ ಪಾಲು ಕೊಟ್ಟಿದ್ದರು. ನನ್ನ ಪ್ರಕಾರ ನಾಯಕರ ನಿಲುವು ಭಾಷಣಕ್ಕಿಂತ ಇಂಥ ಚಿಲ್ಲರೆಯಲ್ಲೇ ಜಾಸ್ತಿ ಕಾಣುತ್ತೆ.

ಈಚಿನ ಉದಾಹರಣೆ ಮ್ಯಾನ್ಮಾರ್. 2021ರ ಫೆಬ್ರವರಿ 1ಕ್ಕೆ ಅಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಅದು ಮುಂದೆ ಅಂತರ್ಯುದ್ಧವೇ ಆಯಿತು. ದಿಲ್ಲಿ ‘ತೀವ್ರ ಕಳವಳ’ ಅಂದಿತು. ಸೇನೆಯ ಹೆಸರು ಎತ್ತಲಿಲ್ಲ. ಮಾರ್ಚ್‌ನಲ್ಲಿ ಗಡಿ ರಾಜ್ಯಗಳಿಗೆ ಒಳನುಸುಳುವಿಕೆ ತಡೆಯಿರಿ ಅಂತ ಪತ್ರ ಬಂತು. ಮಿಜೋರಾಂ ಮುಖ್ಯಮಂತ್ರಿ ಜೋರಮ್‌ಥಂಗಾ ಆಗಲ್ಲ ಅಂತ ಪ್ರಧಾನಿಗೇ ಬರೆದರು. ಓಡಿ ಬರುತ್ತಿದ್ದ ಚಿನ್ ಬುಡಕಟ್ಟಿನ ಜನ ಮಿಜೋಗಳ ಬಂಧುಗಳು. ವಿದೇಶಾಂಗ ಸಂವಿಧಾನದ ಕೇಂದ್ರಪಟ್ಟಿಯ ವಿಷಯ, ರಾಜ್ಯಕ್ಕೆ ಮಾತಿಲ್ಲ ಅಂತ ನಾವು ಪರೀಕ್ಷೆಗೆ ಬರೆಸುತ್ತೇವೆ. ಆದರೆ ಮನೆ ಬಾಗಿಲಿಗೆ ಬಂದ ನೆಂಟರನ್ನು ಯಾವ ಪಟ್ಟಿ ನೋಡಿ ಅಟ್ಟುವುದು? ಮಿಜೋರಾಂ 30,000ಕ್ಕೂ ಹೆಚ್ಚು ಜನರಿಗೆ ಜಾಗ ಕೊಟ್ಟಿತು.

ಜೂನ್‌ನಲ್ಲಿ ಮ್ಯಾನ್ಮಾರ್ ಸೇನೆಯ ವಿರುದ್ಧದ ನಿರ್ಣಯ ವಿಶ್ವಸಂಸ್ಥೆಯ ಸಾಮಾನ್ಯ ಸಭೆಗೆ ಬಂದಾಗ ಭಾರತ ಮತ ಹಾಕದೆ ಉಳಿಯಿತು. ಅದೇ ತಿಂಗಳು ಮ್ಯಾನ್ಮಾರ್ ಜೊತೆ ಬೇಳೆಕಾಳಿನ ಒಪ್ಪಂದ ಆಯಿತು: 5 ವರ್ಷ, ವರ್ಷಕ್ಕೆ 1 ಲಕ್ಷ ಟನ್ ತೊಗರಿ, ಎರಡೂವರೆ ಲಕ್ಷ ಟನ್ ಉದ್ದು.

ತೊಗರಿ ಅಂದ ಕೂಡಲೇ ಹಿಂದಿನ ಬೆಂಚು ಎಚ್ಚರಾಯಿತು. ಇಂಡಿ ಕಡೆಯ ಹುಡುಗ ಎದ್ದ. ‘ನಮ್ಮಪ್ಪ ಎಪಿಎಂಸಿಗೆ ಒಯ್ದಾಗ ರೇಟ್ ಬಿದ್ದಿತ್ತಲ್ರಿ, ಇದಕ್ಕೇನ್ರಿ?’ ಇದೊಂದಕ್ಕೇ ಅಂತ ಹೇಳೋಕೆ ಬರಲ್ಲ, ಮಳೆ ಇರುತ್ತೆ, ಮೊಜಾಂಬಿಕ್‌ನ ತೊಗರಿಯೂ ಇರುತ್ತೆ ಅಂದೆ. ಆದರೆ ಹೇಳಿಕೆ ಬರೆಯುವವರ ಮುಂದೆ ಬೇಳೆ ರೇಟಿನ ಕಾಗದವೂ ಇರುತ್ತೆ ಅಂತ ಸೇರಿಸಿದೆ.

‘ಅದರಾಗ ಇರೋದು ನಮ್ಮ ರೇಟೋ, ಪ್ಯಾಟಿ ಮಂದಿ ರೇಟೋ?’

ಪ್ಯಾಟಿಯವರದು ಅಂದೆ. ಹುಡುಗ ಕೂತ.