ಅದೇ ಚಿಪ್, ಆದರೂ ಆಟ ತಡವರಿಸುವುದೇಕೆ?

2017ರಲ್ಲಿ ಪ್ಲೇಸ್ಟೇಷನ್ 4ಕ್ಕೆಂದೇ ಬಂದಿದ್ದ ‘ಹೊರೈಜನ್ ಝೀರೋ ಡಾನ್’ ಗೇಮನ್ನು ಸೋನಿ 2020ರ ಆಗಸ್ಟ್ 7ರಂದು ವಿಂಡೋಸ್ ಪಿಸಿಗೂ ಬಿಟ್ಟಿತು. ‘ಈ ಆಟ ಬೇಕೇ, ನಮ್ಮ ಪೆಟ್ಟಿಗೆ ಕೊಳ್ಳಿ’ ಎನ್ನುತ್ತಿದ್ದ ಕಂಪನಿ ಅದು. ಆಮೇಲೆ ‘ಡೇಸ್ ಗಾನ್’, ‘ಗಾಡ್ ಆಫ್ ವಾರ್’, ‘ಸ್ಪೈಡರ್-ಮ್ಯಾನ್’ ಸಾಲಾಗಿ ಬಂದವು. 2021ರ ಜುಲೈಯಲ್ಲಿ ನೆದರ್ಲೆಂಡ್ಸ್‌ನ ನಿಕ್ಸಸ್ ಸ್ಟುಡಿಯೋವನ್ನೇ ಸೋನಿ ಕೊಂಡಿತು. ಕನ್ಸೋಲ್ ಆಟಗಳನ್ನು ಪಿಸಿಗೆ ಒಗ್ಗಿಸುವುದರಲ್ಲಿ ಪಳಗಿದ ಕೈಗಳು ಅಲ್ಲಿದ್ದವು. 2024ರ ಫೆಬ್ರುವರಿಯಲ್ಲಿ ‘ಹೆಲ್‌ಡೈವರ್ಸ್ 2’ ಎರಡೂ ಕಡೆ ಒಂದೇ ದಿನ ಬಂತು.

ಕಾರಣ ಖರ್ಚು. 2023ರಲ್ಲಿ ಅಮೆರಿಕದ ನ್ಯಾಯಾಲಯವೊಂದಕ್ಕೆ ಸಲ್ಲಿಸಿದ ದಾಖಲೆಗಳಲ್ಲಿ ಮುಚ್ಚಬೇಕಾದ ಅಂಕಿಗಳನ್ನು ಸರಿಯಾಗಿ ಮುಚ್ಚಿರಲಿಲ್ಲ. ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 2’ಕ್ಕೆ ಸುಮಾರು 22 ಕೋಟಿ ಡಾಲರ್, ‘ಹೊರೈಜನ್ ಫರ್ಬಿಡನ್ ವೆಸ್ಟ್’ಗೆ 21.2 ಕೋಟಿ ಡಾಲರ್ ತಗುಲಿದ್ದು ಹೀಗೆ ಹೊರಬಿತ್ತು. ಇಷ್ಟು ಸುರಿದ ಮೇಲೆ ಒಂದೇ ಪೆಟ್ಟಿಗೆಯ ಗಿರಾಕಿಗಳನ್ನು ನೆಚ್ಚಿಕೊಂಡು ಕೂರುವುದು ಕಷ್ಟ. ಪಿಸಿಯಲ್ಲಿ ಮಾರಿದರೆ ಸ್ಟೀಮ್ ಅಂಗಡಿ ಶೇ 30 ಹಿಡಿದುಕೊಳ್ಳುತ್ತದೆ. ಮಾರಾಟ 1 ಕೋಟಿ ಡಾಲರ್ ದಾಟಿದರೆ ಅದು ಶೇ 25ಕ್ಕೂ, 5 ಕೋಟಿ ದಾಟಿದರೆ ಶೇ 20ಕ್ಕೂ ಇಳಿಯುತ್ತದೆ. ಅದನ್ನು ಕೊಟ್ಟೂ ಉಳಿಯುವುದು ಸಣ್ಣ ಮೊತ್ತವಲ್ಲ.

ಪ್ಲೇಸ್ಟೇಷನ್ 3ರ ಕಾಲದಲ್ಲಾಗಿದ್ದರೆ ಈ ಯೋಚನೆಯೇ ದುಬಾರಿ. ಅದರ ಸೆಲ್ ಪ್ರೊಸೆಸರಿನಲ್ಲಿ ಒಂದು ಮುಖ್ಯ ಕೋರ್, ಅದರ ಸುತ್ತ ಬೇರೆಯದೇ ಬಗೆಯ ಸಹಾಯಕ ಕೋರ್‌ಗಳು ಇದ್ದವು. ಅದಕ್ಕೆಂದು ಬರೆದ ಕೋಡ್ ಬೇರೆಲ್ಲೂ ಓಡುತ್ತಿರಲಿಲ್ಲ. 2013ರ ಪ್ಲೇಸ್ಟೇಷನ್ 4ರಲ್ಲಿ ಸೋನಿ ಎಎಮ್‌ಡಿಯ ಎಂಟು ಕೋರ್‌ಗಳ, ಪಿಸಿಗಳಲ್ಲಿರುವ x86 ಬಗೆಯ ಪ್ರೊಸೆಸರಿಗೆ ಬಂತು. 2020ರ ಪ್ಲೇಸ್ಟೇಷನ್ 5ರಲ್ಲಿರುವುದು ಅದೇ ಎಎಮ್‌ಡಿಯ ಝೆನ್ 2 ಕೋರ್‌ಗಳು, ಆರ್‌ಡಿಎನ್‌ಎ 2 ಗ್ರಾಫಿಕ್ಸ್. ಇದೇ ಪೀಳಿಗೆಯ ಚಿಪ್‌ಗಳನ್ನು ಪಿಸಿ ಅಂಗಡಿಯಲ್ಲೂ ಕೊಳ್ಳಬಹುದು.

ಹಾಗಿದ್ದೂ 2023ರ ಮಾರ್ಚ್ 28ರಂದು ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 1’ ಪಿಸಿಗೆ ಬಂದಾಗ ಆಟಗಾರರು ಮೊದಲು ನೋಡಿದ್ದು ಆಟವನ್ನಲ್ಲ, ‘ಶೇಡರ್ ಕಟ್ಟಲಾಗುತ್ತಿದೆ’ ಎನ್ನುತ್ತ ಮೆಲ್ಲಗೆ ತುಂಬುವ ಪಟ್ಟಿಯನ್ನು. ಕೆಲವರ ಯಂತ್ರದಲ್ಲಿ ಅದು ಮುಗಿಯಲು ಒಂದು ಗಂಟೆಗೂ ಮೀರಿ ಹಿಡಿಯಿತು.

ಶೇಡರ್ ಎಂದರೆ ಗ್ರಾಫಿಕ್ಸ್ ಚಿಪ್‌ನಲ್ಲಿ ಓಡುವ ಪುಟ್ಟ ಪ್ರೋಗ್ರಾಂ. ಒದ್ದೆ ಕಲ್ಲಿನ ಹೊಳಪು, ಚರ್ಮದ ಬಣ್ಣ, ಹೊಗೆ ಇವೆಲ್ಲಕ್ಕೂ ಬೇರೆ ಬೇರೆ ಶೇಡರ್ ಬೇಕು. ದೊಡ್ಡ ಆಟದಲ್ಲಿ ಇವು ಸಾವಿರಗಟ್ಟಲೆ. ಕನ್ಸೋಲಿನಲ್ಲಿ ಚಿಪ್ ಯಾವುದೆಂದು ಮೊದಲೇ ಗೊತ್ತಿರುವುದರಿಂದ ಸ್ಟುಡಿಯೋದಲ್ಲೇ ಯಂತ್ರಭಾಷೆಗೆ ಇಳಿಸಿ ಕಳಿಸುತ್ತಾರೆ. ಅಳತೆ ಕೊಟ್ಟು ಹೊಲಿಸಿದ ಅಂಗಿ ಅದು. ಪಿಸಿಯಲ್ಲಿ ಎನ್‌ವಿಡಿಯಾ ಇರಬಹುದು, ಎಎಮ್‌ಡಿ ಇರಬಹುದು, ಇಂಟೆಲ್ ಇರಬಹುದು. ಒಂದೊಂದು ಪೀಳಿಗೆಗೂ ಯಂತ್ರಭಾಷೆ ಬೇರೆ. ಹಾಗಾಗಿ ಅರ್ಧ ಹೊಲಿದ ರೂಪದಲ್ಲಿ ಕಳಿಸಿ, ಉಳಿದದ್ದನ್ನು ನಿಮ್ಮ ಮನೆಯ ಯಂತ್ರದ ಡ್ರೈವರಿಗೆ, ಅಂದರೆ ಗ್ರಾಫಿಕ್ಸ್ ಚಿಪ್ ನಡೆಸುವ ತಂತ್ರಾಂಶಕ್ಕೆ, ಬಿಡುತ್ತಾರೆ.

ಈ ಕೆಲಸವನ್ನು ಆಟ ನಡೆಯುತ್ತಿರುವಾಗ ಮಾಡಿದರೆ ಏನಾಗುತ್ತದೆ? ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. ಒಂದು ತೊಡಕಿನ ಶೇಡರ್ ಕಟ್ಟಲು 100 ಮಿಲಿಸೆಕೆಂಡ್ ಹಿಡಿದರೆ ಆರು ಫ್ರೇಮ್ ಹೋದವು. ಶತ್ರು ಎದುರಿಗೆ ನೆಗೆದ ಹೊತ್ತಿಗೇ ಪರದೆ ಗಕ್ಕನೆ ನಿಲ್ಲುವುದು ಇದರಿಂದ. ಅವನ ಶೇಡರ್ ಆಗಷ್ಟೇ ಮೊದಲ ಸಲ ಬೇಕಾಗಿರುತ್ತದೆ. ಆದ್ದರಿಂದ ಆ ಪಟ್ಟಿ ಪೂರ್ತಿ ಮುಗಿಯುವವರೆಗೆ ಆಟ ಶುರು ಮಾಡದಿರುವುದೇ ಲೇಸು. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿದರೆ ಕಟ್ಟಿಟ್ಟ ಶೇಡರ್‌ಗಳ ಹಳೆಯ ಸಂಗ್ರಹ ಸಾಮಾನ್ಯವಾಗಿ ಕೆಲಸಕ್ಕೆ ಬಾರದು, ಮತ್ತೆ ಕಟ್ಟಬೇಕು. ಆಟದ ನಡುವೆ ಇರುವಾಗ ಕಾರಣವಿಲ್ಲದೆ ಡ್ರೈವರ್ ಬದಲಿಸಬೇಡಿ. ಎನ್‌ವಿಡಿಯಾ ಕಾರ್ಡಿದ್ದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಶೇಡರ್ ಸಂಗ್ರಹದ ಮಿತಿಯನ್ನು 10 ಜಿಬಿಗೆ ಏರಿಸಿಡಿ.

ಶೇಡರ್ ಕಟ್ಟುವಾಗ ಪ್ರೊಸೆಸರಿನ ಎಲ್ಲ ಕೋರ್‌ಗಳೂ ಉಸಿರುಗಟ್ಟಿ ದುಡಿಯುತ್ತವೆ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳ ಅಸ್ಥಿರತೆ ಹಲವರಿಗೆ ಕಾಣಿಸಿಕೊಂಡದ್ದೇ ಈ ಹಂತದಲ್ಲಿ. ವಿಚಿತ್ರವೆಂದರೆ ಪರದೆಯ ಮೇಲೆ ಬರುತ್ತಿದ್ದ ಸಂದೇಶ ‘ವಿಡಿಯೊ ಮೆಮೊರಿ ಸಾಲದು’ ಎಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಜನ ಗ್ರಾಫಿಕ್ಸ್ ಕಾರ್ಡನ್ನು ಅನುಮಾನಿಸಿದರು. ಪ್ರೊಸೆಸರಿಗೆ ಹೋಗುತ್ತಿದ್ದ ಹೆಚ್ಚಿನ ವೋಲ್ಟೇಜ್ ಕಾರಣವೆಂದು ಇಂಟೆಲ್ 2024ರಲ್ಲಿ ಹೇಳಿ, ಪ್ರೊಸೆಸರಿನ ಒಳಗಿನ ಆದೇಶಗಳಿಗೆ (ಮೈಕ್ರೊಕೋಡ್) ತಿದ್ದುಪಡಿ ಕೊಟ್ಟಿತು. ಅಂಥ ಪ್ರೊಸೆಸರ್ ಇದ್ದರೆ ಆ ತಿದ್ದುಪಡಿ ಸಿಗಲು ಮೊದಲು ಮದರ್‌ಬೋರ್ಡಿನ ಬಯೋಸ್ (ಯಂತ್ರವನ್ನು ಶುರು ಮಾಡುವ ತಂತ್ರಾಂಶ) ಅಪ್‌ಡೇಟ್ ಮಾಡಿ. ಆದರೆ ಆಗಲೇ ಸವೆದ ಚಿಪ್‌ ಅದರಿಂದ ಗುಣವಾಗುವುದಿಲ್ಲ, ಬದಲಿ ಕೇಳಬೇಕು.

ಎರಡನೆಯ ತೊಡಕು ಮೆಮೊರಿ. ಪ್ಲೇಸ್ಟೇಷನ್ 5ರಲ್ಲಿ 16 ಜಿಬಿ ಒಂದೇ ಕೊಳ. ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಅಲ್ಲೇ ಮೊಗೆಯುತ್ತವೆ, ಸೆಕೆಂಡಿಗೆ 448 ಜಿಬಿ ವೇಗದಲ್ಲಿ. ಪಿಸಿಯಲ್ಲಿ ಎರಡು ಕೊಳ, ನಡುವೆ ಕಿರಿದಾದ ಕಾಲುವೆ. 8 ಜಿಬಿ ಕಾರ್ಡ್ ತುಂಬಿದರೆ ಉಕ್ಕಿದ್ದೆಲ್ಲ ಮುಖ್ಯ ಮೆಮೊರಿಗೆ ಹೋಗುತ್ತದೆ. ಅಲ್ಲಿಂದ ತರಿಸುವ ಪಿಸಿಐಇ 4.0 ದಾರಿಯಲ್ಲಿ 16 ಲೇನ್ ಇದ್ದರೂ ವೇಗ ಸೆಕೆಂಡಿಗೆ ಸುಮಾರು 32 ಜಿಬಿ, ಎಂದರೆ ಹದಿನಾಲ್ಕನೇ ಒಂದು ಪಾಲು. ‘ದ ಲಾಸ್ಟ್ ಆಫ್ ಅಸ್’ ಬಂದ ಹೊಸದರಲ್ಲಿ 8 ಜಿಬಿ ಕಾರ್ಡಿನವರು ಮಧ್ಯಮ ಟೆಕ್ಸ್ಚರ್ (ವಸ್ತುಗಳ ಮೈಗೆ ಹೊದಿಸುವ ಚಿತ್ರ) ಆರಿಸಿದರೆ ಗೋಡೆ, ನೆಲ ಮಸಿ ಬಳಿದಂತೆ ಕಾಣುತ್ತಿದ್ದವು. ಮುಂದಿನ ಪ್ಯಾಚ್‌ಗಳಲ್ಲಿ ಅದು ಸುಧಾರಿಸಿತು. ಸೆಟ್ಟಿಂಗ್ಸ್‌ನಲ್ಲಿ ವಿಡಿಯೊ ಮೆಮೊರಿಯ ಅಳತೆಪಟ್ಟಿ ಇದ್ದರೆ ಮೊದಲು ಅದನ್ನೇ ನೋಡಿ. ಕೆಂಪಾಗಿದ್ದರೆ ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿ. ನೆರಳು, ಪ್ರತಿಬಿಂಬ ಇಳಿಸಿದರೆ ಚಿಪ್‌ನ ದುಡಿಮೆ ತಗ್ಗುತ್ತದೆ, ಜಾಗ ಅಷ್ಟಾಗಿ ಉಳಿಯುವುದಿಲ್ಲ. ಮುಖ್ಯ ಮೆಮೊರಿ 16 ಜಿಬಿ ಇರಲಿ. 16ರ ಒಂದೇ ಪಟ್ಟಿಗಿಂತ 8ರ ಎರಡು ಪಟ್ಟಿ ಮೇಲು, ಎರಡು ಚಾನೆಲ್ ಸಿಗುತ್ತವೆ.

ಇನ್ನು ಆಟವನ್ನು ಉಳಿಸಿಡುವ ಎಸ್‌ಎಸ್‌ಡಿ. ಪ್ಲೇಸ್ಟೇಷನ್ 5ರದ್ದು ಸೆಕೆಂಡಿಗೆ 5.5 ಜಿಬಿ ಓದುತ್ತದೆ. ಅಡಕಿಸಿಟ್ಟ ದತ್ತಾಂಶವನ್ನು ಬಿಡಿಸಲು ಪ್ರತ್ಯೇಕ ಯಂತ್ರಾಂಶವೇ ಇದೆ. ಅದರ ಕೆಲಸಕ್ಕೆ ಒಂಬತ್ತು ಝೆನ್ 2 ಕೋರ್ ಬೇಕಾಗುತ್ತಿತ್ತು ಎಂದು ವಿನ್ಯಾಸಕಾರ ಮಾರ್ಕ್ ಸರ್ನಿ 2020ರ ಮಾರ್ಚ್‌ನಲ್ಲಿ ವಿವರಿಸಿದ್ದರು. ಪಿಸಿಯಲ್ಲಿ ಈ ಹೊರೆ ಪ್ರೊಸೆಸರಿನ ತಲೆಗೆ ಬೀಳುತ್ತದೆ. ‘ರ‍್ಯಾಚೆಟ್ ಆ್ಯಂಡ್ ಕ್ಲಾಂಕ್: ರಿಫ್ಟ್ ಅಪಾರ್ಟ್’ ಆಟವನ್ನು 2023ರ ಜುಲೈಯಲ್ಲಿ ತಂದಾಗ ನಿಕ್ಸಸ್ ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಸ್ಟೋರೇಜ್ ಎಂಬ ತಂತ್ರ ಬಳಸಿ, ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸಿತು. ಚಿತ್ರ ಬರೆಯುವ ಚಿಪ್‌ಗೇ ಇದೂ ಬಿದ್ದರೆ ಬರೆಯಲು ಸಮಯ ಕಡಿಮೆಯಾಗುತ್ತದೆ ಎಂಬುದು ಬೇರೆ ಮಾತು. ಆ ಆಟ ಹಳೆಯ ಹಾರ್ಡ್ ಡಿಸ್ಕಿನಲ್ಲೂ ಓಡಿತು, ಆದರೆ ಲೋಕದಿಂದ ಲೋಕಕ್ಕೆ ಜಿಗಿಯುವಾಗ ತ್ರಿಶಂಕುವಿನಂತೆ ನಡುವೆಯೇ ನಿಲ್ಲುತ್ತಿತ್ತು.

ಕನ್ಸೋಲಿನ ಅಭ್ಯಾಸಗಳೂ ಕೋಡ್‌ನಲ್ಲಿ ಅಂಟಿಕೊಂಡು ಬರುತ್ತವೆ. ‘ಪ್ರತಿ ಫ್ರೇಮ್ ಎಂದರೆ ಸೆಕೆಂಡಿನ 30ನೇ ಒಂದು ಭಾಗ’ ಎಂದು ನಂಬಿ ಬರೆದ ಚಲನೆ 120 ಫ್ರೇಮಿನ ಪಿಸಿಯಲ್ಲಿ ನಾಲ್ಕು ಪಟ್ಟು ಓಡುತ್ತದೆ. ಕಳೆದ ಸಮಯ ಅಳೆದು ಗುಣಿಸುವಂತೆ ಅಂಥ ಸಾಲುಗಳನ್ನೆಲ್ಲ ಹುಡುಕಿ ತಿದ್ದಬೇಕು. ಇನ್ನು ಡ್ಯುಯಲ್‌ಸೆನ್ಸ್ ಕಂಟ್ರೋಲರಿನ ಟ್ರಿಗರ್ ಬಿಗಿ, ನವಿರು ಕಂಪನ ಬೇಕೆಂದರೆ ಪಿಸಿಗೆ ಯುಎಸ್‌ಬಿ ಕೇಬಲ್ಲಿನಲ್ಲಿ ಜೋಡಿಸಿ. ಬ್ಲೂಟೂತ್‌ನಲ್ಲಿ ಹೆಚ್ಚಿನ ಆಟಗಳು ಅವನ್ನು ಕೊಡುವುದಿಲ್ಲ.

ಎಲ್ಲ ಎಡವಟ್ಟೂ ತಂತ್ರಜ್ಞಾನದ್ದಲ್ಲ. 2024ರ ಮೇ ತಿಂಗಳಲ್ಲಿ ‘ಹೆಲ್‌ಡೈವರ್ಸ್ 2’ ಪಿಸಿ ಆಟಗಾರರೂ ಪ್ಲೇಸ್ಟೇಷನ್ ನೆಟ್‌ವರ್ಕ್ ಖಾತೆ ತೆರೆಯಲೇಬೇಕೆಂದು ಸೋನಿ ಹೇಳಿತು. ಆ ಸೇವೆಯೇ ಇಲ್ಲದ ದೇಶಗಳಲ್ಲೂ ಆಟ ಮಾರಾಟವಾಗಿಹೋಗಿತ್ತು. ಸ್ಟೀಮ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕೆಟ್ಟ ವಿಮರ್ಶೆ ಬಿದ್ದು, ಕೆಲವೇ ದಿನಗಳಲ್ಲಿ ಸೋನಿ ಆದೇಶ ಹಿಂತೆಗೆದುಕೊಂಡಿತು. ಬಂದ ಮನೆಯ ಬೀಗದ ಕೈ ಕೇಳಿದಂತಾಗಿತ್ತು ಅದು.

ಶೇಡರ್ ಕಾಟಕ್ಕೆ ಸಿಕ್ಕಿರುವ ಒಳ್ಳೆಯ ಮದ್ದು ಕನ್ಸೋಲಿನಿಂದಲೇ ಬಂದದ್ದು. ಸ್ಟೀಮ್ ಅಂಗಡಿ ನಡೆಸುವ ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಕೈಯಂತ್ರ ಒಂದು ಪಿಸಿ. ಆದರೆ ಅದರ ಚಿಪ್ ಯಾವುದೆಂದು ಗೊತ್ತಿರುವುದರಿಂದ ಕಟ್ಟಿ ಸಿದ್ಧವಾದ ಶೇಡರ್‌ಗಳನ್ನು ಡೌನ್‌ಲೋಡಿನ ಜೊತೆಗೇ ಕಳಿಸಬಹುದು. ಮೈಕ್ರೋಸಾಫ್ಟ್ ಕೂಡ 2025ರ ಅಕ್ಟೋಬರಿನಲ್ಲಿ ಏಸುಸ್ ಜೊತೆ ತಂದ, ವಿಂಡೋಸ್ ಓಡಿಸುವ ಆರ್‌ಒಜಿ ಎಕ್ಸ್‌ಬಾಕ್ಸ್ ಆಲೈ ಕೈಯಂತ್ರಕ್ಕೆ ಇದೇ ಉಪಾಯ ಹೂಡಿತು. ಡೆಸ್ಕ್‌ಟಾಪಿನಲ್ಲಿ ಕಾರ್ಡ್‌ಗಳೂ ಡ್ರೈವರ್‌ಗಳೂ ಸೇರಿ ಆಗುವ ಜೋಡಿಗಳು ಲೆಕ್ಕವಿಲ್ಲದಷ್ಟಿರುವುದರಿಂದ ಅಲ್ಲಿ ಇದನ್ನು ನಡೆಸುವುದು ಅಷ್ಟು ಸುಲಭವಲ್ಲ.