ಕೇಳೋರಿದ್ದ ನಾಡಲ್ಲಿ ಓದೋರ್ನ ಹುಡುಕೋದು

ಕೊಡವ ತಕ್ಕಲ್ಲಿ (ಕನ್ನಡ ಅಕ್ಷರದಲ್ಲೇ ಬರೆಯೋ ಕೊಡಗಿನ ಕೊಡವ ಭಾಷೆ) ಬರೆಯೋರ್ನ ಯಾರನ್ನೇ ಮಾತಾಡ್ಸಿ, ಪುಸ್ತಕ ಏನೋ ತಂದಾಯ್ತು ಓದೋರು ಯಾರು ಅನ್ನೋ ಮಾತು ಬಂದೇ ಬರುತ್ತೆ. 2011ರ ಜನಗಣತೀಲಿ ಇದನ್ನ ತಾಯ್ನುಡಿ ಅಂತ ಬರೆಸಿದೋರು ಇಡೀ ದೇಶದಲ್ಲಿ 1,13,857 ಜನ. ಅದ್ರಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಕನ್ನಡ ಅಕ್ಷರ ಕೂಡಿಸಿ ಓದೋಕೆ ತಡವರಿಸೋ ಮಕ್ಕಳನ್ನ ಬಿಟ್ರೆ ಎಷ್ಟು ಜನ ಉಳೀತಾರೆ ಹೇಳಿ.

ಮೊದ್ಲು ಈ ಚಿಂತೆ ಇರ್ಲಿಲ್ಲ. ಮದುವೆ ಮನೇಲೋ ಪುತ್ತರಿ ಸುಗ್ಗಿ ಹಬ್ಬಕ್ಕೋ ನಾಲ್ಕು ಜನ ದುಡಿ ಅನ್ನೋ ಸಣ್ಣ ವಾದ್ಯ ಹಿಡ್ಕೊಂಡು 'ಬಾಳೋ ಬಾಳೋ' ಅಂತ ಶುರು ಮಾಡಿದ್ರೆ ಕೇಳೋರು ಎದುರಿಗೇ ಇರ್ತಿದ್ರು, ಹಾಡಲ್ಲಿ ಬರೋ ಒಕ್ಕ (ಮನೆತನ), ನಾಡು, ದೇವರು ಎಲ್ಲಾ ಅವರದ್ದೇ, ಎಲ್ಲಿ ಎಳೀಬೇಕು ಎಲ್ಲಿ ಮುಗಿಸ್ಬೇಕು ಅನ್ನೋದು ಹಾಡೋರಿಗೆ ಅವರ ಮುಖ ನೋಡಿದ್ರೇ ಗೊತ್ತಾಗೋದು. ನಡಿಕೇರಿಯಂಡ ಚಿಣ್ಣಪ್ಪ ಇಂಥ ಹಾಡುಗಳ್ನ ಕೂಡಿಸಿ ಕನ್ನಡ ಅಕ್ಷರದಲ್ಲಿ ಬರೆದು 1924ರಲ್ಲಿ 'ಪಟ್ಟೋಲೆ ಪಳಮೆ' ತಂದ್ರು. ಅವ್ರು ಆ ಕೆಲಸ ಮಾಡದೇ ಇದ್ದಿದ್ರೆ ಎಷ್ಟೋ ಹಾಡು ಹಾಡೋರ ಜತೆಗೇ ಹೋಗ್ತಿದ್ವು. ಆದ್ರೆ ಪುಸ್ತಕಕ್ಕೆ ಬಂದ್ಮೇಲೆ ಎದುರಿಗೆ ಕೂತೋರು ಇಲ್ಲ, ಎಲ್ಲೋ ಇರೋ ಓದುಗರನ್ನ ಹುಡುಕಬೇಕು.

ಹರದಾಸ ಅಪ್ಪಚ್ಚಕವಿ ಅದಕ್ಕೂ ಮುಂಚೆನೇ, 1906ರಲ್ಲಿ, ಯಯಾತಿ ಕತೇನ ಕೊಡವ ತಕ್ಕಲ್ಲಿ ನಾಟಕ ಮಾಡಿದ್ರು. ಓದು ಬರಹ ಬಾರದೋರೂ ಕೂತು ನೋಡಬಹುದಲ್ಲ, ನನ್ನ ಪ್ರಕಾರ ಜನರನ್ನ ಅವ್ರಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡೋರು ಇಲ್ಲಿ ಕಮ್ಮಿ.

ಕತೆಗಾರ್ತಿ ಕೊಡಗಿನ ಗೌರಮ್ಮ ಬರೆದಿದ್ದು ಕನ್ನಡದಲ್ಲಿ. ಓದೋರು ಕೊಡಗಿನ ಆಚೆಗೂ ಸಿಕ್ಕಿದ್ರು, ಆದ್ರೆ ಹೆಣ್ಮಗಳು ಬರೆಯೋದಕ್ಕೆ ಆ ಕಾಲದಲ್ಲಿ ಬೇರೆ ಕಷ್ಟನೇ ಇತ್ತು. ಕತೆ ಕೆಳಗೆ ಹಾಕ್ತಿದ್ದಿದ್ದು ಗಂಡನ ಹೆಸರಿನ 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಅಂತ. ಮೂವತ್ತು ತುಂಬೋ ಮುಂಚೆನೇ ತೀರ್ಕೊಂಡ್ರು, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ.

1994ರಲ್ಲಿ ಕೊಡವ ಸಾಹಿತ್ಯ ಅಕಾಡೆಮಿ ಬಂತು, ಆಮೇಲೆ ಕೊಡಗಿನ ಇನ್ನೊಂದು ಮಾತು ಅರೆಭಾಷೆಗೂ ಒಂದು ಅಕಾಡೆಮಿ ಆಯ್ತು. ಪುಸ್ತಕ ಬರ್ತಿವೆ. ಅಕ್ಷರದ ತೊಡಕು ಮಾತ್ರ ಹಾಗೇ ಇದೆ, ಕೊಡವ ತಕ್ಕ್‌ನ ಕೆಲವು ಸ್ವರಗಳಿಗೆ ಕನ್ನಡದಲ್ಲಿ ಅಕ್ಷರವೇ ಇಲ್ಲ, ಹಂಗಾಗಿ ಒಂದೇ ಪದನ ಒಬ್ಬೊಬ್ರು ಒಂದೊಂಥರ ಬರೀತಾರೆ, ಮನೇಲಿ ದಿನಾ ಆಡೋ ಮಾತೇ ಪುಸ್ತಕದಲ್ಲಿ ಕಂಡ್ರೆ ಓದೋರು ಒಂದು ಗಳಿಗೆ ನಿಂತು ಯೋಚ್ನೆ ಮಾಡ್ಬೇಕು. ಇದಕ್ಕೇ ಸ್ವಂತ ಲಿಪಿ ಬೇಕು ಅಂತ ಐ.ಎಂ. ಮುತ್ತಣ್ಣ 1970ರಲ್ಲೇ ಒಂದು ಲಿಪಿ ಮಾಡಿದ್ರು. ಆ ಆಸೆ ನಂಗೆ ಅರ್ಥ ಆಗುತ್ತೆ. ಆದ್ರೂ ಇರೋ ಅಕ್ಷರನೇ ಮರೀತಿರೋ ಮಕ್ಕಳಿಗೆ ಇನ್ನೊಂದು ಕಲೀರಿ ಅಂದ್ರೆ ಉಳಿದಿರೋ ಓದುಗರೂ ದೂರ ಆಗ್ತಾರೇನೋ ಅಂತ ಭಯ.

ಅದೇ ಮಕ್ಕಳು ದುಡಿ ಹಾಡಿನ ವಿಡಿಯೋ ಬಂದ್ರೆ ಫೋನಲ್ಲಿ ಪೂರ್ತಿ ಕೇಳ್ತಾರೆ. ಅದಕ್ಕೇ ಬರೆಯೋ ಗೆಳೆಯರು ಸಿಕ್ಕಿದಾಗೆಲ್ಲ ಕೇಳ್ಕೊಳ್ತೀನಿ, ಪುಸ್ತಕ ತನ್ನಿ, ಜತೆಗೆ ಒಂದು ಕತೆನಾದ್ರೂ ನೀವೇ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿ ಅಂತ.